ನಿರುತ್ತರದಿಂದ ಹೊರನಾಡಿನವರೆಗೆ

ಚಿಕ್ಕಮಗಳೂರಿನ ಕಡೆ ಪ್ರವಾಸ ಹೊರಡುವವರು ಸಾಮಾನ್ಯವಾಗಿ ಎರಡೇ ಕಾರಣಕ್ಕೆ ಹೊರಡುತ್ತಾರೆ. ಒಂದು, ಬೆಟ್ಟ, ಮಂಜು, ಕಾಫಿ ತೋಟ ನೋಡಿ ಫೋಟೋ ತೆಗೆಸಿಕೊಳ್ಳುವುದಕ್ಕೆ. ಇನ್ನೊಂದು, ದೇವರಿಗೆ. ಶೃಂಗೇರಿ, ಹೊರನಾಡು, ಕಳಸ, ಹಾಗೇ ಘಟ್ಟ ಇಳಿದರೆ ಧರ್ಮಸ್ಥಳ. ಒಂದೇ ಸುತ್ತಿನಲ್ಲಿ ನಾಲ್ಕು ಕ್ಷೇತ್ರದ ಪುಣ್ಯ ಕಟ್ಟಿಕೊಳ್ಳಬಹುದು. ಮದುವೆಯಾಗಿ ಈ ಸೀಮೆಗೆ ಬಂದ ಮೇಲೆ ನೆಂಟರಿಷ್ಟರನ್ನು ಈ ದಾರಿಯಲ್ಲಿ ಎಷ್ಟು ಸಲ ಕರೆದುಕೊಂಡು ಹೋಗಿದ್ದೇನೋ ಲೆಕ್ಕವಿಟ್ಟಿಲ್ಲ. ಎಲ್ಲರೂ ಕೇಳುವುದು ಒಂದೇ: ಬಸ್ಸು ಎಷ್ಟು ಹೊತ್ತಿಗೆ, ಊಟ ಎಲ್ಲಿ, ದರ್ಶನಕ್ಕೆ ಎಷ್ಟು ಹೊತ್ತು. ಬೆಂಗಳೂರಿನಿಂದ ಬಂದ ನನ್ನ ತಂಗಿಯ ಮಗ ಮಾತ್ರ ಬೇರೆಯದನ್ನು ಕೇಳಿದ. "ದೊಡ್ಡಮ್ಮ, ಇಷ್ಟೊಂದು ದೇವರಿರೋ ಊರಲ್ಲಿ ದೇವರೇ ಇಲ್ಲ ಅನ್ನೋರು ಯಾರೂ ಇಲ್ವಾ?"

ಇಲ್ಲದೆ ಏನು! ಇದ್ದಾರೆ. ಈ ದಾರಿಯಲ್ಲೇ ಇದ್ದಾರೆ, ಇದ್ದರು. ಹಾಗಾಗಿ ಈ ಸಲ ಗುಡಿಗಳ ಜೊತೆಗೆ ಅವರನ್ನೂ ಸ್ವಲ್ಪ ನೋಡಿಕೊಂಡು ಹೋಗೋಣ, ಬನ್ನಿ.

ಚಿಕ್ಕಮಗಳೂರು ಪೇಟೆಯಿಂದ ಮೇಲಕ್ಕೆ ಹತ್ತುವ ರಸ್ತೆ ಚಂದ್ರದ್ರೋಣ ಪರ್ವತಕ್ಕೆ ಹೋಗುತ್ತದೆ. 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ ಇರುವುದು ಇಲ್ಲೇ. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಶಿಖರವಿಲ್ಲ. ಅದೇ ಸಾಲಿನಲ್ಲಿ ಬಾಬಾಬುಡನ್‌ಗಿರಿ. ಹಜ್ ಯಾತ್ರೆ ಮುಗಿಸಿ ಬರುವಾಗ ಬಾಬಾ ಬುಡನ್ ಎಂಬ ಫಕೀರರು ಯೆಮನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜ ಬಚ್ಚಿಟ್ಟುಕೊಂಡು ತಂದು ಈ ಗಿರಿಯಲ್ಲಿ ಬಿತ್ತಿದರೆಂದು ಕತೆ. 17ನೆಯ ಶತಮಾನದ ಮಾತು ಎನ್ನುತ್ತಾರೆ. ಆ ಯೆಮನ್ನಿನಲ್ಲಿ ಸೂಫಿ ಸಂತರು ರಾತ್ರಿಯಿಡೀ ದೇವರ ನಾಮ ಜಪಿಸುವಾಗ ನಿದ್ದೆ ಬಾರದಿರಲೆಂದೇ ಕಾಫಿ ಕುಡಿಯುತ್ತಿದ್ದರು. ಅಂದರೆ ನಾವು ಬೆಳಗೆದ್ದು ಹಲ್ಲುಜ್ಜಿದ ಕೂಡಲೇ ಕುಡಿಯುವ ಕಾಫಿ ಭಕ್ತಿಯ ಮನೆಯಿಂದ ಬಂದದ್ದು. ನಾಸ್ತಿಕರೇನೂ ಅದನ್ನು ಬೇಡವೆನ್ನುವುದಿಲ್ಲ ಅನ್ನಿ.

ಗಿರಿಯ ಮೇಲಿನ ಗುಹೆ ಹಿಂದೂಗಳಿಗೆ ದತ್ತಾತ್ರೇಯ ಪೀಠ, ಮುಸಲ್ಮಾನರಿಗೆ ದಾದಾ ಹಯಾತ್ ಮೀರ್ ಖಲಂದರ್ ಅವರ ಸ್ಥಾನ. ಹಳಬರು ಎರಡೂ ಹೆಸರು ಹೇಳಿಯೇ ಕೈಮುಗಿಯುತ್ತಿದ್ದರು. ಈಚಿನ ದಶಕಗಳಲ್ಲಿ ಅದು ಜಗಳದ ಜಾಗವಾಗಿ, ವ್ಯಾಜ್ಯ ಸುಪ್ರೀಂ ಕೋರ್ಟಿನವರೆಗೂ ಹೋಗಿ, ದತ್ತ ಜಯಂತಿ ಬಂತೆಂದರೆ ಪೇಟೆ ತುಂಬ ಪೊಲೀಸರು. ನಂಬುವವರ ನಡುವೆಯೇ ಇಷ್ಟು ತಕರಾರಿರುವಾಗ, ನಂಬದವರ ಮೇಲೆ ನಮಗೆ ಅಷ್ಟೊಂದು ಸಿಟ್ಟು ಏಕೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಸಿಟ್ಟು ಬರದ ಭಕ್ತಿ ನೋಡಬೇಕೆಂದರೆ ದೀಪಾವಳಿಯಲ್ಲಿ ಬನ್ನಿ. ದೇವೀರಮ್ಮನ ಬೆಟ್ಟಕ್ಕೆ ಜನ ರಾತ್ರಿಯೇ ಹತ್ತಲು ಶುರು ಮಾಡುತ್ತಾರೆ. ಮೆಟ್ಟಿಲಿಲ್ಲ, ಜಾರುವ ಮಣ್ಣು, ಕೈಯಲ್ಲಿ ಟಾರ್ಚು, ಕಂಕುಳಲ್ಲಿ ಒಂದು ತುಂಡು ಸೌದೆ, ಒಂದಿಷ್ಟು ತುಪ್ಪ, ಬಟ್ಟೆ. ಮೇಲೆ ದೇವಿಯ ದೀಪಕ್ಕೆ ಅದನ್ನೆಲ್ಲ ಒಪ್ಪಿಸುವುದು. ಕೆಳಗಿನ ಊರುಗಳಲ್ಲಿ ಬೆಟ್ಟದ ತುದಿಯ ಬೆಂಕಿ ಕಂಡಮೇಲೆ ಮನೆಯಲ್ಲಿ ಆರತಿ ಎತ್ತುತ್ತಾರೆ. ಮಂಡಿನೋವಿನ ಹೆಂಗಸರು ಕೂಡ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಹತ್ತುವುದನ್ನು ಕಂಡಿದ್ದೇನೆ. ಯಾವ ಡಾಕ್ಟರು ಹೇಳಿದರೂ ಅವರು ಮತ್ತೆ ಅಷ್ಟು ಎತ್ತರ ಹತ್ತುವವರಲ್ಲ!

ಚಿಕ್ಕಮಗಳೂರಿನಿಂದ ಮೂಡಿಗೆರೆಗೆ ಸುಮಾರು 30 ಕಿಲೋಮೀಟರು. ದಾರಿಯ ಎರಡೂ ಕಡೆ ತೋಟ, ಸಿಲ್ವರ್ ಮರ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ. ಮೂಡಿಗೆರೆ ತಾಲ್ಲೂಕಿನ ಅಂಗಡಿ ಎಂಬ ಊರಿಗೆ ಪ್ರವಾಸಿಗರು ಹೋಗುವುದು ಕಡಿಮೆ. ಹೊಯ್ಸಳರ ಮೂಲಸ್ಥಾನ ಸೊಸೆವೂರು ಎಂದರೆ ಇದೇ. ಸಳನೆಂಬ ಹುಡುಗ ಜೈನಮುನಿಯ ಅಪ್ಪಣೆಯಂತೆ ಹುಲಿಯನ್ನು ಹೊಡೆದದ್ದು ಇಲ್ಲಿಯ ವಾಸಂತಿಕಾ ದೇವಿಯ ಗುಡಿಯ ಬಳಿ ಎಂದು ನಾವೆಲ್ಲ ಶಾಲೆಯಲ್ಲಿ ಓದಿದ್ದೇವಲ್ಲ. ಕಾಡಿನ ನಡುವೆ ಹಳೆಯ ಬಸದಿಗಳಿವೆ.

ಇಲ್ಲಿ ಒಂದು ಮಾತು ಹೇಳಬೇಕು. ಜೈನರು ಲೋಕವನ್ನು ಸೃಷ್ಟಿಸಿದ ಒಬ್ಬ ದೇವರಿದ್ದಾನೆಂದು ಒಪ್ಪುವುದಿಲ್ಲ. ಲೋಕ ಮೊದಲಿನಿಂದಲೂ ಇದೆ, ಅವರವರ ಕರ್ಮ ಅವರವರಿಗೆ, ಅಷ್ಟೇ. ವೇದವನ್ನು ಒಪ್ಪದ ಕಾರಣ ನಮ್ಮ ಹಳೆಯ ಶಾಸ್ತ್ರಗಳವರು ಜೈನರನ್ನೂ ಬೌದ್ಧರನ್ನೂ ಚಾರ್ವಾಕರ ಜೊತೆ ಸೇರಿಸಿ ನಾಸ್ತಿಕರ ಪಟ್ಟಿಯಲ್ಲಿಟ್ಟರು. ಹಾಗೆ ನೋಡಿದರೆ ಕನ್ನಡನಾಡಿನ ಅಷ್ಟು ದೊಡ್ಡ ರಾಜವಂಶ ಒಬ್ಬ 'ನಾಸ್ತಿಕ' ಗುರುವಿನ ಆಶೀರ್ವಾದದಿಂದ ಹುಟ್ಟಿತು! ಮುಂದೆ ಅದೇ ವಂಶದ ವಿಷ್ಣುವರ್ಧನ ರಾಮಾನುಜಾಚಾರ್ಯರ ಪ್ರಭಾವದಿಂದ ವಿಷ್ಣುಭಕ್ತನಾದರೂ, ರಾಣಿ ಶಾಂತಲೆ ಜೈನಳಾಗಿಯೇ ಉಳಿದಳು. 1123ರಲ್ಲಿ ಶ್ರವಣಬೆಳಗೊಳದಲ್ಲಿ ತನ್ನ ಬಿರುದಿನ ಹೆಸರಿನ ಬಸದಿ ಕಟ್ಟಿಸಿದಳು. ಗಂಡನದೊಂದು ದಾರಿ, ಹೆಂಡತಿಯದೊಂದು ದಾರಿ, ಅರಮನೆ ಒಂದೇ. ಆ ಮನೆಯ ಅಡುಗೆಯವರು ಹಬ್ಬದ ದಿನ ಏನು ಪೇಚಾಡುತ್ತಿದ್ದರೋ, ಅದನ್ನು ಮಾತ್ರ ಯಾವ ಶಾಸನವೂ ಹೇಳುವುದಿಲ್ಲ.

ಮೂಡಿಗೆರೆ ಎಂದ ಕೂಡಲೇ ಓದುವ ಅಭ್ಯಾಸವಿರುವ ಯಾರಿಗಾದರೂ ನೆನಪಾಗುವ ಹೆಸರು ಪೂರ್ಣಚಂದ್ರ ತೇಜಸ್ವಿಯವರದು. ಕುವೆಂಪು ಅವರ ಮಗ, ಮೈಸೂರು ಬಿಟ್ಟು ಇಲ್ಲಿ ಬಂದು ಕಾಫಿ ಬೆಳೆದು, ಮೀನು ಹಿಡಿದು, ಹಕ್ಕಿಗಳ ಫೋಟೋ ತೆಗೆದು, 'ಕರ್ವಾಲೊ', 'ಚಿದಂಬರ ರಹಸ್ಯ' ಬರೆದರು. 2007ರ ಏಪ್ರಿಲ್ 5ರಂದು ಇಲ್ಲೇ ತೀರಿಕೊಂಡರು. ಅವರ ಮನೆಯ ಹೆಸರು 'ನಿರುತ್ತರ'. ಉತ್ತರವಿಲ್ಲದ್ದು ಎಂದರ್ಥ. ದೇವರ ಹೆಸರೋ, ತಾಯಿಯ ಹೆಸರೋ, 'ಕೃಪಾ', 'ನಿಲಯ' ಎಂದೋ ಇಡುವುದು ನಮ್ಮ ವಾಡಿಕೆ. ಇವರು ಗೇಟಿನ ಮೇಲೇ ಪ್ರಶ್ನೆ ಬರೆದಿಟ್ಟಂತಾಯಿತು. ಅದು ಸಂಸಾರಸ್ಥರ ಮನೆ, ದಯವಿಟ್ಟು ನೋಡಲು ನುಗ್ಗಬೇಡಿ. ಅವರ ನೆನಪಿನ ಪ್ರತಿಷ್ಠಾನ ಕೊಟ್ಟಿಗೆಹಾರದಲ್ಲಿದೆ, ಅಲ್ಲಿಗೆ ಹೋಗಿ.

ತೇಜಸ್ವಿ ಮತ್ತು ರಾಜೇಶ್ವರಿಯವರ ಮದುವೆ 1966ರಲ್ಲಿ ನಡೆದದ್ದು 'ಮಂತ್ರ ಮಾಂಗಲ್ಯ' ರೀತಿಯಲ್ಲಿ. ಅದನ್ನು ರೂಪಿಸಿದವರು ಮದುಮಗನ ತಂದೆ ಕುವೆಂಪು. ಪುರೋಹಿತರಿಲ್ಲ, ಮುಹೂರ್ತ ರಾಹುಕಾಲ ನೋಡುವುದಿಲ್ಲ, ವರದಕ್ಷಿಣೆ ಇಲ್ಲ, ವಾಲಗ ಓಲಗದ ಅಬ್ಬರವಿಲ್ಲ. ಹಿರಿಯರೊಬ್ಬರು ಮಂತ್ರಗಳನ್ನೂ ಅವುಗಳ ಅರ್ಥವನ್ನೂ ಓದುತ್ತಾರೆ, ಗಂಡು ಹೆಣ್ಣು ಕೇಳಿಸಿಕೊಂಡು, ಅರ್ಥ ಮಾಡಿಕೊಂಡು ಪ್ರಮಾಣ ಮಾಡುತ್ತಾರೆ. ನಮ್ಮ ಮದುವೆಗಳಲ್ಲಿ ಮಂತ್ರ ಹೇಳುವಾಗ ಅರ್ಧ ಜನ ಸೀರೆ ನೋಡುತ್ತಿರುತ್ತೇವೆ, ಇನ್ನರ್ಧ ಜನ ಊಟದ ಹಾಲ್ ಕಡೆ ನೋಡುತ್ತಿರುತ್ತಾರೆ. ಮದುಮಗಳಿಗಂತೂ ಹೊಗೆಗೆ ಕಣ್ಣೇ ಬಿಡಲಾಗುವುದಿಲ್ಲ.

ಹಾಗೆಂದು ಕುವೆಂಪು ನಾಸ್ತಿಕರೇ? ಅಲ್ಲವೇ ಅಲ್ಲ. ನಮ್ಮ ಜಿಲ್ಲೆಯ ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, 1904ರ ಡಿಸೆಂಬರ್ 29ರಂದು ಹುಟ್ಟಿದ ಅವರು ಜೀವನವಿಡೀ ರಾಮಕೃಷ್ಣ ಪರಮಹಂಸರ ಭಕ್ತರು. ರಾಮಾಯಣವನ್ನೇ ಬರೆದವರು. ಅವರು ಬೇಡವೆಂದದ್ದು ದೇವರನ್ನಲ್ಲ, ದೇವರಿಗೂ ನಮಗೂ ನಡುವೆ ನಿಂತು ಸುಂಕ ಎತ್ತುವವರನ್ನು. 1974ರಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವದಲ್ಲಿ 'ವಿಚಾರಕ್ರಾಂತಿಗೆ ಆಹ್ವಾನ' ಎಂದು ಭಾಷಣ ಮಾಡಿದರು. ಅದೇ ವಿಶ್ವವಿದ್ಯಾನಿಲಯದ ಕುಲಪತಿಯಾಗಿದ್ದ ಎಚ್. ನರಸಿಂಹಯ್ಯನವರು 1976ರಲ್ಲಿ ಪವಾಡಗಳನ್ನೂ ಮೂಢನಂಬಿಕೆಗಳನ್ನೂ ಪರೀಕ್ಷಿಸಲು ಸಮಿತಿ ಮಾಡಿದಾಗ ನಾಡಿನಲ್ಲೆಲ್ಲ ಗದ್ದಲವೋ ಗದ್ದಲ. ನಮ್ಮಲ್ಲಿ ಪ್ರಶ್ನೆ ಕೇಳಿದವರನ್ನೆಲ್ಲ ಒಂದೇ ಚೀಲಕ್ಕೆ ಹಾಕಿ 'ನಾಸ್ತಿಕ' ಎಂದು ಬಾಯಿ ಕಟ್ಟುವ ಅಭ್ಯಾಸ. ಅಕ್ಕಿಯನ್ನೂ ಕಲ್ಲನ್ನೂ ಬೇರೆ ಮಾಡುವ ನಾವು ಈ ವಿಷಯದಲ್ಲಿ ಮೊರ ಹಿಡಿಯುವುದೇ ಇಲ್ಲ.

ಲೋಕದಲ್ಲಿ ಈ ಜನ ಎಷ್ಟಿದ್ದಾರೆ ಎಂದು ತಂಗಿಯ ಮಗನೇ ತೆಗೆದು ತೋರಿಸಿದ. 2011ರ ನಮ್ಮ ಜನಗಣತಿಯಲ್ಲಿ 121 ಕೋಟಿ ಜನರ ಪೈಕಿ ನಾಸ್ತಿಕ ಎಂದೇ ಬರೆಸಿದವರು 33 ಸಾವಿರ ಚಿಲ್ಲರೆ ಮಂದಿ. ಒಂದು ತಾಲ್ಲೂಕಿಗೂ ಸಾಲುವುದಿಲ್ಲ! ಅಮೆರಿಕದ ಪ್ಯೂ ಸಂಸ್ಥೆ 2021ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲೂ ಭಾರತೀಯರಲ್ಲಿ ಶೇಕಡಾ 97 ಮಂದಿ ದೇವರಿದ್ದಾನೆ ಎಂದರಂತೆ. ಇಲ್ಲ ಎಂದವರಲ್ಲಿ ಬೌದ್ಧರು ಹೆಚ್ಚು, ಅವರಲ್ಲಿ ಮೂರರಲ್ಲೊಬ್ಬರು. ಪ್ರಪಂಚದ ಒಟ್ಟು ಲೆಕ್ಕದಲ್ಲಿ 2020ರ ವೇಳೆಗೆ ಯಾವ ಧರ್ಮಕ್ಕೂ ಸೇರದವರು ಸುಮಾರು 190 ಕೋಟಿ, ನಾಲ್ಕರಲ್ಲೊಬ್ಬರ ಹತ್ತಿರ. ಅವರಲ್ಲಿ ಹೆಚ್ಚಿನವರು ಚೀನಾದವರು. ಯುರೋಪಿನ ಚೆಕ್ ದೇಶದಲ್ಲಿ ಅರ್ಧದಷ್ಟು ಜನ ಯಾವ ಮತವೂ ಇಲ್ಲ ಎಂದೇ ಬರೆಸುತ್ತಾರೆ. ಜಪಾನಿನವರದು ಇನ್ನೊಂದು ಚೆಂದ. ಧರ್ಮ ಯಾವುದು ಎಂದರೆ ಯಾವುದೂ ಇಲ್ಲ ಎನ್ನುವ ಜನವೇ ಹೊಸವರ್ಷಕ್ಕೆ ಸಾಲುಗಟ್ಟಿ ಗುಡಿಗೆ ಹೋಗಿ, ಗಂಟೆ ಬಾರಿಸಿ, ಕೈಮುಗಿದು ಬರುತ್ತಾರೆ. ಇದು ನನಗೆ ಬಹಳ ಹತ್ತಿರ ಅನ್ನಿಸಿತು.

ಬಲವಂತ ಮಾಡಿದ ಕಡೆ ಎರಡು ಪಕ್ಷದ್ದೂ ಒಂದೇ ಹಣೆಬರಹ. ಅಲ್ಬೇನಿಯಾ ದೇಶ 1967ರಲ್ಲಿ ನಮ್ಮದು ನಾಸ್ತಿಕ ರಾಷ್ಟ್ರ ಎಂದು ಸಾರಿ ಚರ್ಚು, ಮಸೀದಿ ಎಲ್ಲಕ್ಕೂ ಬೀಗ ಹಾಕಿಸಿತು. ಮತ್ತೆ ಬಾಗಿಲು ತೆರೆದದ್ದು 1990ರಲ್ಲಿ. ಅದೇ ಅಲ್ಬೇನಿಯನ್ ಕುಲದಲ್ಲಿ ಹುಟ್ಟಿದವರು ನಮ್ಮ ಮದರ್ ತೆರೇಸಾ. ಅವರು ತೀರಿಕೊಂಡು ಹತ್ತು ವರ್ಷಕ್ಕೆ ಅವರ ಪತ್ರಗಳು ಅಚ್ಚಾದಾಗ, ವರ್ಷಾನುಗಟ್ಟಲೆ ದೇವರ ಸುಳಿವೇ ಸಿಗದೆ ಅವರ ಮನಸ್ಸು ಎಷ್ಟು ತಳಮಳಿಸಿತ್ತೆಂದು ಲೋಕಕ್ಕೆ ತಿಳಿಯಿತು. ಇತ್ತ ಸೌದಿ ಅರೇಬಿಯ 2014ರಲ್ಲಿ ನಾಸ್ತಿಕತೆಯನ್ನೇ ಭಯೋತ್ಪಾದನೆಯ ಸಾಲಿಗೆ ಸೇರಿಸಿತು. ನಾವೂ ಕೈ ತೊಳೆದುಕೊಳ್ಳುವಂತಿಲ್ಲ. ಮೂಢನಂಬಿಕೆಯ ವಿರುದ್ಧ ದುಡಿದ ನರೇಂದ್ರ ದಾಭೋಲ್ಕರರನ್ನು ಪುಣೆಯಲ್ಲಿ 2013ರಲ್ಲಿ ಗುಂಡಿಟ್ಟು ಕೊಂದರು. 2015ರ ಆಗಸ್ಟ್ 30ರಂದು ಧಾರವಾಡದಲ್ಲಿ ಕಲಬುರ್ಗಿಯವರನ್ನು ಅವರ ಮನೆ ಬಾಗಿಲಲ್ಲೇ ಕೊಂದರು. ಅಂದು ಟಿವಿಯಲ್ಲಿ ಅವರ ಮನೆಯವರನ್ನು ನೋಡಿ ನಾನು ಒಲೆ ಆರಿಸಿ ಕೂತುಬಿಟ್ಟಿದ್ದೆ.

ಪೇಪರಿನ ಮಾತು ಸಾಕು. ಹತ್ತಿರದಿಂದ ಕಂಡ ಒಬ್ಬ ನಾಸ್ತಿಕರ ವಿಷಯ ಹೇಳುತ್ತೇನೆ. ಹೆಸರು ಬೇಡ, ವರಸೆಯಲ್ಲಿ ನಮ್ಮ ಯಜಮಾನರ ದೊಡ್ಡಪ್ಪನ ಮಗ, ನನಗೆ ಭಾವನವರು. ಮೂಡಿಗೆರೆ ಹತ್ತಿರ ಸಣ್ಣ ರೊಬಸ್ಟಾ ತೋಟ. ದೇವರ ಕೋಣೆಯ ಹೊಸ್ತಿಲು ದಾಟುತ್ತಿರಲಿಲ್ಲ. ಆದರೆ ಬೆಳಗ್ಗೆ ತೋಟ ಸುತ್ತಿ ಬರುವಾಗ ಅಕ್ಕನ ಪೂಜೆಗೆ ದಾಸವಾಳ, ನಂದಬಟ್ಟಲು ಕೊಯ್ದು ತಂದು ಹೊಸ್ತಿಲ ಹೊರಗೆ ಇಡುತ್ತಿದ್ದವರು ಅವರೇ. ತೋಟದ ಮೂಲೆಯಲ್ಲಿ ನಮ್ಮ ಕಡೆ ಎಲ್ಲರ ತೋಟದಲ್ಲಿರುವಂತೆ ಒಂದು ಭೂತದ ಕಲ್ಲಿತ್ತು. ಹಣ್ಣು ಕುಯ್ಲಿಗೆ ಮುಂಚೆ ಅಲ್ಲಿ ಕೋಳಿ ಕೊಡಬೇಕೆಂದು ಆಳುಗಳು ಕೇಳಿದರೆ ಸುಮ್ಮನೆ ದುಡ್ಡು ಕೊಡುತ್ತಿದ್ದರು. ನಾನೊಮ್ಮೆ ಛೇಡಿಸಿದ್ದಕ್ಕೆ, "ನೋಡಮ್ಮ, ನಂಬಿಕೆ ಅವರದು, ಕೋಳಿ ನನ್ನದು, ಸಾರು ಎಲ್ಲರದು" ಅಂದಿದ್ದರು.

2019ರ ಡಿಸೆಂಬರ್ 26ರ ಸೂರ್ಯಗ್ರಹಣ ನಿಮಗೂ ನೆನಪಿರಬಹುದು. ಒಳಗೆ ಅಕ್ಕ ಹಾಲು ಮೊಸರಿನ ಪಾತ್ರೆಗೆಲ್ಲ ದರ್ಭೆ ಹಾಕಿ, ಒಲೆ ಹಚ್ಚದೆ ಕೂತಿದ್ದರು. ಹೊರಗೆ ಭಾವನವರು ಗ್ರಹಣ ನೋಡುವ ಕನ್ನಡಕ ತರಿಸಿ ಲೈನಿನ ಮಕ್ಕಳನ್ನೆಲ್ಲ ಕಣದಲ್ಲಿ ನಿಲ್ಲಿಸಿ ತೋರಿಸುತ್ತಿದ್ದರು. ಆಂಧ್ರದ ಗೋರಾ ಎಂಬ ಪ್ರಸಿದ್ಧ ನಾಸ್ತಿಕರ ಹೆಂಡತಿ ಸರಸ್ವತಿ ಗೋರಾ ಬಸುರಿಯಾಗಿದ್ದಾಗ ಜನರೆದುರೇ ನಿಂತು ಗ್ರಹಣ ನೋಡಿದ್ದರಂತೆ, ಆ ಕತೆಯನ್ನು ಅವತ್ತು ಅವರಿಂದಲೇ ಕೇಳಿದೆ. ಗ್ರಹಣ ಬಿಟ್ಟಮೇಲೆ ಅಕ್ಕ ಸ್ನಾನ ಮಾಡಿ ಅಡುಗೆಗಿಟ್ಟರು. ಭಾವನವರು ಹಸಿದು ಕಾದಿದ್ದರು, ಒಂದು ಮಾತು ಗೊಣಗಲಿಲ್ಲ.

2021ರ ಮಳೆಗಾಲದಲ್ಲಿ ಅವರು ಎದೆನೋವಿನಿಂದ ತೀರಿಕೊಂಡರು. ಮೇಜಿನ ಖಾನೆಯಲ್ಲಿ ಅವರ ಕೈಬರಹದ ಒಂದು ಹಾಳೆ ಸಿಕ್ಕಿತು. ತೋಟದಲ್ಲೇ ಸುಡಬೇಕು, ಯಾವ ಕರ್ಮವೂ ಬೇಡ, ಹನ್ನೊಂದನೆಯ ದಿನದ ತಿಥಿ ಬೇಡ, ಆ ದುಡ್ಡಿನಲ್ಲಿ ಲೈನಿನ ಮಕ್ಕಳಿಗೆ ಪುಸ್ತಕ ಕೊಡಿಸಬೇಕು. ಕೆಳಗೆ ರುಜು, ತಾರೀಖು.

ಮನೆಯಲ್ಲಿ ಯುದ್ಧವೇ ಆಯಿತು. ಹಿರಿಯರಾದ ಚಿಕ್ಕಪ್ಪನವರು ಕೇಳಿದ ಮಾತೂ ತೆಗೆದುಹಾಕುವಂಥದ್ದಲ್ಲ. "ಅವನು ನಂಬದೇ ಇದ್ರೆ ಏನಾಯ್ತು, ನಾವು ನಂಬ್ತೀವಲ್ಲ. ಕರ್ಮ ಸತ್ತವನಿಗೆ ಅಂತ ಯಾರು ಹೇಳಿದ್ರು? ಉಳಿದವರ ಮನಸ್ಸಿಗೆ ಅಲ್ವಾ?" ಎಂದರು. ನಾಳೆ ಮನೆಯಲ್ಲಿ ಏನಾದರೂ ಕೆಟ್ಟದ್ದಾದರೆ ಯಾರು ಹೊಣೆ ಎಂದು ಇನ್ನೊಬ್ಬರು. ಎಲ್ಲರೂ ಅಕ್ಕನ ಮುಖ ನೋಡಿದರು. ಸೋಮವಾರ ಉಪವಾಸ, ಶುಕ್ರವಾರ ಕುಂಕುಮಾರ್ಚನೆ ತಪ್ಪಿಸದ ಹೆಂಗಸು, ಅವರು ತಿಥಿ ಮಾಡಿ ಎಂದೇ ಹೇಳುತ್ತಾರೆಂದು ಎಲ್ಲರೂ ತಿಳಿದಿದ್ದರು. ಅಕ್ಕ ಬಹಳ ಹೊತ್ತು ಸುಮ್ಮನಿದ್ದು, "ಮೂವತ್ತು ವರ್ಷ ನನ್ನ ದೇವರಿಗೆ ಅವರು ಅಡ್ಡ ಬರಲಿಲ್ಲ. ಈಗ ಅವರಿಗೆ ಎದ್ದು ಬಂದು ಬೇಡ ಅನ್ನೋಕೆ ಆಗಲ್ಲ. ಅದಕ್ಕೇ ನಾನು ಹೇಳ್ತಿದೀನಿ, ಬೇಡ" ಎಂದರು. ಚಿಕ್ಕಪ್ಪ ಕೊಡೆ ತೆಗೆದುಕೊಂಡು ಮಳೆಯಲ್ಲೇ ಹೊರಟುಹೋದರು.

ತಿಥಿ ಮಾಡಲಿಲ್ಲ. ಪುಸ್ತಕ ಕೊಡಿಸಿದರು. ಆ ಹನ್ನೊಂದನೆಯ ದಿನ ನನ್ನ ಎದೆಯೂ ಡವಡವ ಎನ್ನುತ್ತಿದ್ದದ್ದು ಸುಳ್ಳಲ್ಲ. ಬೀದಿಯ ನಾಯಿ ಊಳಿಟ್ಟರೂ ಎದ್ದು ಕೂರುತ್ತಿದ್ದೆ.

ಆ ನಿರ್ಧಾರದ ಬೆಲೆ ತೆತ್ತದ್ದು ಮಗಳು. ಗೊತ್ತಾಗುವ ಹಂತಕ್ಕೆ ಬಂದಿದ್ದ ಒಂದು ಸಂಬಂಧ, ತಂದೆಗೆ ಕರ್ಮ ಮಾಡದ ಮನೆಯ ಹೆಣ್ಣು ಎಂಬ ಮಾತಿನ ಮೇಲೆ ಹಿಂದೆ ಹೋಯಿತು. ಎರಡನೆಯದೂ ಹಾಗೇ ಆಯಿತು. ಅಕ್ಕ ಆಗ ಎಷ್ಟು ಕುಗ್ಗಿದರೆಂದು ಕಣ್ಣಾರೆ ಕಂಡವಳು ನಾನು. ಆದರೂ, 'ಮಾಡಿಸಿಬಿಟ್ಟಿದ್ದರೆ ಆಗುತ್ತಿತ್ತು' ಎಂಬ ಮಾತು ಅವರ ಬಾಯಲ್ಲಿ ಬರಲಿಲ್ಲ. ಕಡೆಗೆ ಮಗಳೇ ತನ್ನ ಜೊತೆ ಕೆಲಸ ಮಾಡುವ ಹುಡುಗನನ್ನು ಒಪ್ಪಿಕೊಂಡಳು, ಮದುವೆ ಮಂತ್ರ ಮಾಂಗಲ್ಯದಂತೆ ಆಯಿತು. ಚಿಕ್ಕಪ್ಪ ಬರಲಿಲ್ಲ. ಇವತ್ತಿಗೂ ಆ ಮನೆಗೆ ಬರುವುದಿಲ್ಲ.

ಇದನ್ನು ಓದಿ ಮಂತ್ರ ಮಾಂಗಲ್ಯ ಮಾಡಿಸಬೇಕು ಎನ್ನುವ ತಾಯಂದಿರಿಗೆ ಒಂದು ಕಿವಿಮಾತು. ಪ್ರಮಾಣ ಮಾಡಿ ಹಾರ ಹಾಕಿದರೆ ಮುಗಿಯಿತು ಎಂದುಕೊಳ್ಳಬೇಡಿ. 1954ರ ವಿಶೇಷ ವಿವಾಹ ಕಾಯಿದೆಯಲ್ಲಿ ನೋಂದಣಿ ಮಾಡಿಸುವುದು ಕ್ಷೇಮ. ಅದಕ್ಕೆ 30 ದಿನ ಮುಂಚೆ ನೋಟೀಸು ಕೊಡಬೇಕು. ಛತ್ರ ಹಿಡಿಯುವ ಮೊದಲು ಕಚೇರಿಗೆ ಹೋಗಿ ಬನ್ನಿ.

ದೀಪಾವಳಿಯಲ್ಲಿ ನಮ್ಮಲ್ಲಿ ಹಿರಿಯರಿಗೆ ಎಡೆ ಇಡುವುದುಂಟು. ಅಕ್ಕ ಅತ್ತೆ ಮಾವನವರಿಗೆ ಕಡುಬು, ಕೋಳಿಸಾರು ಎಲ್ಲ ಇಟ್ಟು ಕೈಮುಗಿಯುತ್ತಾರೆ. ಭಾವನವರಿಗೆ ಅಲ್ಲಿ ಎಲೆ ಹಾಕುವುದಿಲ್ಲ. ಜಗಲಿಯ ಮೇಲೆ ಅವರ ಕುರ್ಚಿಯ ಪಕ್ಕ ಒಂದು ಲೋಟ ಕಾಫಿ ಇಡುತ್ತಾರೆ. ಇದೇನಕ್ಕ, ಇದೂ ಎಡೆಯೇ ಅಲ್ಲವೇ ಎಂದು ಕೇಳಿದರೆ, "ಎಡೆ ಯಾಕೆ? ನಾಲ್ಕು ಗಂಟೆ ಆಯ್ತಲ್ಲ" ಎನ್ನುತ್ತಾರೆ.

ಮೂಡಿಗೆರೆಯಿಂದ ಮುಂದೆ ಕೊಟ್ಟಿಗೆಹಾರ. ಇಲ್ಲಿ ಬಸ್ಸಿಳಿದು ನೀರುದೋಸೆ ತಿನ್ನದೆ ಹೋದವರುಂಟೇ? ನೇರ ಹೋದರೆ ಚಾರ್ಮಾಡಿ ಘಾಟಿ, ಬಲಕ್ಕೆ ತಿರುಗಿದರೆ ಕಳಸದ ದಾರಿ. ಹೇಮಾವತಿ ನದಿ ಹುಟ್ಟುವ ಜಾವಳಿ ಇದೇ ಸುತ್ತಿನಲ್ಲಿದೆ. 2019ರ ಆಗಸ್ಟ್‌ನಲ್ಲಿ ಈ ಭಾಗದ ಗುಡ್ಡಗಳು ಕುಸಿದು ಮನೆಗಳೇ ಹೋದವು. ಆಗ ದೇವರ ಹರಕೆ ತಪ್ಪಿದ್ದರಿಂದ ಎಂದವರೂ ಇದ್ದರು, ಗುಡ್ಡ ಅಗೆದು ಕಾಡು ಕಡಿದದ್ದರಿಂದ ಎಂದವರೂ ಇದ್ದರು. ಮನೆ ಕಳೆದುಕೊಂಡವರು ಎರಡನ್ನೂ ಕೇಳುತ್ತ ಪರಿಹಾರಕ್ಕೆ ಕಚೇರಿ ಅಲೆದರು.

ಕಾಫಿ ಬೆಳೆಯುವವರಿಗೆ ಮಳೆಯ ಜೊತೆಗಿನ ಸಂಬಂಧವೇ ಬೇರೆ. ಫೆಬ್ರವರಿ ಮಾರ್ಚಿನಲ್ಲಿ ಹೂಮಳೆ ಒಂದು ಇಂಚಾದರೂ ಬೀಳಬೇಕು, ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಮಲ್ಲಿಗೆ ಬಿಟ್ಟಂತೆ ಬೆಳ್ಳಗಾಗುತ್ತದೆ. ಮತ್ತೆ ಎರಡು ಮೂರು ವಾರಕ್ಕೆ ಇನ್ನೊಂದು ಮಳೆ ಬರಬೇಕು, ಇಲ್ಲದಿದ್ದರೆ ಕಾಯಿ ಕಚ್ಚುವುದಿಲ್ಲ. ನೀರಿದ್ದವರು ಸ್ಪ್ರಿಂಕ್ಲರ್ ಹಾಕುತ್ತಾರೆ, ಇಲ್ಲದವರು ಆಕಾಶ ನೋಡುತ್ತಾರೆ. ಶೃಂಗೇರಿ ಬಳಿಯ ಕಿಗ್ಗದಲ್ಲಿ ಮಳೆದೇವರೆಂದೇ ಹೆಸರಾದ ಋಷ್ಯಶೃಂಗೇಶ್ವರನಿದ್ದಾನೆ. ಮಳೆ ಬರಲಿ ಎಂದೂ ಅವನಿಗೇ ಪೂಜೆ, ಸಾಕು ನಿಲ್ಲಲಿ ಎಂದೂ ಅವನಿಗೇ ಪೂಜೆ. ಪಾಪ, ಭತ್ತದ ಗದ್ದೆಯವನು ಬೇಕೆಂದು, ಕಣದಲ್ಲಿ ಕಾಫಿ ಹರವಿದವನು ಬೇಡವೆಂದು ಒಂದೇ ದಿನ ಹೋದರೆ ಅವನಾದರೂ ಏನು ಮಾಡಿಯಾನು?

ಕಳಸ ಈಗ ತಾಲ್ಲೂಕು ಕೇಂದ್ರ. ಭದ್ರೆಯ ದಂಡೆಯ ಈ ಪುಟ್ಟ ಊರಿನಲ್ಲಿ ಎತ್ತರದ ಮೆಟ್ಟಿಲು ಹತ್ತಿ ಹೋದರೆ ಕಳಸೇಶ್ವರ. ಹಿಂದೆ ಕಳಸ ಕಾರ್ಕಳವನ್ನು ಆಳಿದ ಭೈರರಸರು ಜೈನರು, ಆದರೂ ಈ ಶಿವನಿಗೆ ದತ್ತಿ ಬಿಟ್ಟವರು. 13ನೆಯ ಶತಮಾನದಲ್ಲಿ ಜಾಕಲದೇವಿ, ಕಾಳಲದೇವಿ ಎಂಬ ರಾಣಿಯರು ಇಲ್ಲಿಂದ ರಾಜ್ಯವಾಳಿದ್ದನ್ನು ಶಾಸನಗಳು ಹೇಳುತ್ತವೆ. ಊರ ಹೊರಗೆ ಅಂಬುತೀರ್ಥ. ಭದ್ರೆ ಬಂಡೆಗಳ ಸಂದಿಯಲ್ಲಿ ಕಿರಿದಾಗಿ ನುಗ್ಗುವ ಜಾಗ. ಅಲ್ಲೊಂದು ದೊಡ್ಡ ಬಂಡೆ. ಮಧ್ವಾಚಾರ್ಯರು ಅದನ್ನು ಒಂದೇ ಕೈಯಲ್ಲಿ ತಂದಿಟ್ಟರೆಂದು ಕಲ್ಲಿನ ಮೇಲೇ ಸಂಸ್ಕೃತದಲ್ಲಿ ಕೊರೆದಿದೆ. ಭಕ್ತರು ಕಣ್ಣಿಗೊತ್ತಿಕೊಳ್ಳುತ್ತಾರೆ. ಭಾವನವರು ಆ ಅಕ್ಷರಗಳ ಮೇಲೆ ಬೆರಳಾಡಿಸಿ, "ಕಲ್ಲು ಎತ್ತಿದ್ದನ್ನ ನಾನು ನೋಡಿಲ್ಲ. ಆದರೆ ಈ ನೀರಿನ ಸದ್ದಲ್ಲಿ ಕೂತು ಇಷ್ಟು ಅಂದವಾಗಿ ಕೆತ್ತಿದವನಿಗೆ ನನ್ನ ನಮಸ್ಕಾರ" ಅಂದಿದ್ದರು. ಬಂಡೆ ಜಾರುತ್ತದೆ, ಮಕ್ಕಳನ್ನು ಕೈಬಿಡಬೇಡಿ, ನೀರಿಗಂತೂ ಇಳಿಯಲೇಬೇಡಿ.

ಕಳಸದಿಂದ 8 ಕಿಲೋಮೀಟರು ಹೊರನಾಡು. ಈಗಿನ ಅನ್ನಪೂರ್ಣೇಶ್ವರಿಯ ವಿಗ್ರಹ 1973ರಲ್ಲಿ ಪ್ರತಿಷ್ಠೆಯಾದದ್ದು. ಬಂದವರು ಯಾರೇ ಆಗಲಿ ಹಸಿದು ಹಿಂದಿರುಗಬಾರದೆಂಬುದು ಇಲ್ಲಿಯ ನೇಮ. ಗಂಡಸರು ಅಂಗಿ ಬಿಚ್ಚಿ ಒಳಗೆ ಹೋಗಬೇಕು. ಊಟಕ್ಕೆ ಅನ್ನ, ಸಾರು, ಹುಳಿ, ಪಾಯಸ. ಆ ಸಾರಿನ ರುಚಿಯನ್ನು ಮನೆಯಲ್ಲಿ ತರಲು ನಾನು ಪಟ್ಟ ಪಾಡು ಅಷ್ಟಿಷ್ಟಲ್ಲ, ಬರಲಿಲ್ಲ.

ಅನ್ನಪೂರ್ಣೆಯ ಕತೆ ನಿಮಗೆ ಗೊತ್ತೇ ಇದೆ. ಲೋಕವೆಲ್ಲ ಮಾಯೆ, ಅನ್ನವೂ ಮಾಯೆ ಎಂದು ಶಿವ ವಾದ ಹೂಡಿದ. ಪಾರ್ವತಿ ಮಾತಾಡದೆ ಮಾಯವಾದಳು. ಒಲೆ ಆರಿತು, ಪೈರು ಒಣಗಿತು, ಜನ ಹಸಿವಿನಿಂದ ಕಂಗೆಟ್ಟರು. ಕಡೆಗೆ ಶಿವನೇ ಕಪಾಲ ಹಿಡಿದು ಅವಳ ಬಾಗಿಲಿಗೆ ಬಂದು ಅನ್ನ ಬೇಡಿದ. ಪುರಾಣಗಳಲ್ಲಿ ಭಾವನವರಿಗೆ ಪೂರಾ ಒಪ್ಪಿಗೆಯಾಗಿದ್ದ ಕತೆ ಇದೊಂದೇ. ಪ್ರತಿ ವರ್ಷ ಅಕ್ಕನನ್ನೂ ನಮ್ಮನ್ನೂ ಜೀಪಿನಲ್ಲಿ ಕರೆತಂದು, ತಾವು ಒಳಗೆ ಬಾರದೆ, ನಮ್ಮ ಚಪ್ಪಲಿ ಚೀಲ ಕಾಯುತ್ತ ಕೂರುತ್ತಿದ್ದರು. ಊಟದ ಗಂಟೆಯಾದರೆ ಮಾತ್ರ ಎಲ್ಲರಿಗಿಂತ ಮೊದಲು ಪಂಕ್ತಿಯಲ್ಲಿ. ಹೊರಡುವಾಗ ಒಂದು ಮೂಟೆ ಅಕ್ಕಿಯ ದುಡ್ಡು ಕಟ್ಟಿ, ರಸೀತಿಯಲ್ಲಿ ಅಕ್ಕನ ಹೆಸರು ಬರೆಸುತ್ತಿದ್ದರು.

ಮಗಳ ಮದುವೆಯಾದ ವಾರಕ್ಕೆ ಅಕ್ಕ ಹೊಸ ಜೋಡಿಯನ್ನು ಹೊರನಾಡಿಗೆ ಕರೆತಂದರು. ಜೊತೆಗೆ ನಾನೂ ಇದ್ದೆ. ಅಳಿಯ ತಾನಾಗಿಯೇ ಅಂಗಿ ಬಿಚ್ಚಿ, ಅತ್ತೆಯ ಹಿಂದೆ ಒಳಗೆ ನಡೆದ. ಮಗಳು "ನೀವು ಹೋಗಿ ಬನ್ನಿ ಅಮ್ಮ, ಚೀಲ ನಾನು ನೋಡ್ಕೋತೀನಿ" ಅಂದಳು. ಅಕ್ಕ ಬಾ ಎನ್ನಲೂ ಇಲ್ಲ, ಬೇಡ ಎನ್ನಲೂ ಇಲ್ಲ. ಪರ್ಸಿನಲ್ಲಿದ್ದ ದುಡ್ಡನ್ನು ಅವಳ ಕೈಗಿತ್ತು, ಅಕ್ಕಿಯ ರಸೀತಿ ಮಾಡಿಸಿಡು ಎಂದರು. ಯಾರ ಹೆಸರಲ್ಲಿ ಎಂದು ಅವಳೂ ಕೇಳಲಿಲ್ಲ. ಊಟವಾದ ಮೇಲೆ ಜೀಪಿನಲ್ಲಿ ನಾನು ರಸೀತಿ ಇಸಿದುಕೊಂಡು ನೋಡಿದೆ. ಅಪ್ಪನ ಹೆಸರಿತ್ತು. ನಕ್ಷತ್ರ, ಗೋತ್ರದ ಜಾಗ ಖಾಲಿ ಬಿಟ್ಟಿದ್ದಳು.

ಹೋಗುವವರು ಅಕ್ಟೋಬರ್‌ನಿಂದ ಫೆಬ್ರವರಿಯೊಳಗೆ ಹೋಗಿ. ಜುಲೈ ಆಗಸ್ಟಿನಲ್ಲಿ ಭದ್ರೆ ಉಕ್ಕಿ, ಕಳಸ ಹೊರನಾಡು ನಡುವಿನ ಹೆಬ್ಬಾಳೆ ಸೇತುವೆ ಮುಳುಗಿ ದಾರಿ ಬಂದ್ ಆದದ್ದು ಎಷ್ಟೋ ಸಲ. ಮಳೆಗಾಲದಲ್ಲಿ ಹೋಗಲೇಬೇಕಾದರೆ ಹೊರಡುವ ಮುಂಚೆ ಕಳಸದಲ್ಲಿ ವಿಚಾರಿಸಿಕೊಳ್ಳಿ. ತಿರುವು ಜಾಸ್ತಿ, ವಾಂತಿ ಬರುವವರು ಒಣಶುಂಠಿ ಇಟ್ಟುಕೊಳ್ಳಿ. ಬರುವಾಗ ಕಳಸದ ಪೇಟೆಯಲ್ಲಿ ಕಾಳುಮೆಣಸು, ಏಲಕ್ಕಿ ಕೊಳ್ಳುವುದಾದರೆ ಒಂದು ಕಾಳು ಬಾಯಿಗೆ ಹಾಕಿ ನೋಡಿಯೇ ಕೊಳ್ಳಿ.